ಲೆಕ್ಕ ಕಲಿಯಲು ಹೊರಟ ತಂಗಿಗೆ

(ಮಾಧವರಂನಲ್ಲಿ ನಡೆದ ಅಭಿನಂದನಾ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಅಡಿಗೆಯ ಅಣ್ಣನವರ ಮಗಳಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಶಾಸ್ತ್ರ ಮತ್ತು ಹಣಕಾಸು ಓದಲು ಸೀಟು ಸಿಕ್ಕಿದೆ. ಮೂರು ವರ್ಷದ ಓದು. ಹಾರ ಹಾಕಿ ನಾಲ್ಕು ಒಳ್ಳೆಯ ಮಾತಾಡಿ ಮುಗಿಸಿ ಎಂದು ಕೆಲವರು ನಮಗೆ ಹೇಳಿದರು. ನಾವು ಏಳನೆಯ ತರಗತಿಗೆ ಪುಸ್ತಕ ಮಡಚಿಟ್ಟು ಚೆನ್ನೈಗೆ ಬಂದು ಎಂಜಲು ಬಟ್ಟಲು ತೊಳೆದವರು. ಪದವಿಯ ಓದಿನ ವಿಷಯ ನಮಗೆ ತಿಳಿಯದು. ಆದರೆ ಲೆಕ್ಕ ಬಾರದವನು ಏನೇನು ಕಳೆದುಕೊಳ್ಳುತ್ತಾನೆ ಎಂಬುದು ಚೆನ್ನಾಗಿ ತಿಳಿದಿದೆ.

ಹಿಂದೆ ನಾವು ದುಡಿಯುತ್ತಿದ್ದ ಒಂದು ಹೋಟೆಲಿನಲ್ಲಿ ದೀಪಾವಳಿಗೆ ಬೋನಸ್ ಹೆಚ್ಚು ಮಾಡಿರೆಂದು ಕೇಳಿದೆವು. ಧಣಿಗಳು ಕಾಗದ ಮುಂದಿಟ್ಟು, “ನೀವೇ ನೋಡಿ, ಈ ವರ್ಷ ನಷ್ಟ” ಎಂದರು. ನೋಡಿದೆವು. ಕೊನೆಯ ಸಾಲಿನ ಅಂಕಿ ಕಂಡಿತು, ಅದು ಹೇಗೆ ಬಂತೆಂದು ಕಾಣಲಿಲ್ಲ. ತಲೆಯಾಡಿಸಿ, ಕೊಟ್ಟಷ್ಟು ತೆಗೆದುಕೊಂಡು ಹೊರಬಂದೆವು. ಗಲ್ಲೆಯಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಅಂಚೆಯ ಮೂಲಕ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದ. ಅವನು ರಾತ್ರಿ ಬಾಗಿಲು ಹಾಕಿದ ಮೇಲೆ ವಿವರಿಸಿದ. ಹೊಸ ಗ್ರೈಂಡರು, ಫ್ರಿಜ್ಜು, ಮೇಜು ಕುರ್ಚಿಗಳ ಬೆಲೆಯನ್ನೆಲ್ಲ ಅಕ್ಕಿ, ಉದ್ದು, ಗ್ಯಾಸಿನ ಸಾಲಿನಲ್ಲೇ ಆ ವರ್ಷದ ಖರ್ಚೆಂದು ಬರೆದಿದ್ದರು. ಅಕ್ಕಿ ಇವತ್ತು ಬೆಂದು ಇವತ್ತೇ ಮುಗಿಯುತ್ತದೆ. ಗ್ರೈಂಡರು ಹತ್ತು ವರ್ಷ ತಿರುಗುತ್ತದೆ. ಲಕ್ಷ ರೂಪಾಯಿಯ ಗ್ರೈಂಡರಿಗೆ ವರ್ಷಕ್ಕೆ ಹತ್ತು ಸಾವಿರ ಸವಕಳಿ ಹಿಡಿದರೆ ಉಳಿದ ತೊಂಬತ್ತು ಸಾವಿರ ಆಸ್ತಿಯ ಪಟ್ಟಿಯಲ್ಲಿ ನಿಲ್ಲಬೇಕು. ಹಾಗೆ ಬರೆದಿದ್ದರೆ ಆ ವರ್ಷ ಲಾಭವೇ ಇತ್ತು! ಮೊದಲ ವರ್ಷದ ಪಾಠ ಬಂಧುಗಳೇ, ಮೂರನೆಯ ವರ್ಷದ್ದೂ ಅಲ್ಲ.

ಇಪ್ಪತ್ತು ಮಂದಿ ದುಡಿಯುವ ಕಡೆ, ಕಾಯಿದೆಯ ಮಿತಿಯೊಳಗಿನ ಸಂಬಳದವರಿಗೆ ಬೋನಸ್ ನೂರಕ್ಕೆ 8.33ಕ್ಕೆ ಕಡಿಮೆಯಾಗಬಾರದು. ಅದು ಹನ್ನೆರಡರಲ್ಲಿ ಒಂದು ಪಾಲು, ಎಂದರೆ ಒಂದು ತಿಂಗಳ ಸಂಬಳ. 1965ರ ಬೋನಸ್ ಕಾಯಿದೆ ಹಾಗೆಂದಿತು. ಈಗ ಅದು ಸೇರಿಹೋಗಿರುವ ವೇತನ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಅಲ್ಲಿಂದ ನೂರಕ್ಕೆ 20ರವರೆಗೆ ಏರುವುದು ಮಾತ್ರ ಲಾಭದ ಲೆಕ್ಕದ ಮೇಲೆ. ಆ ಲೆಕ್ಕ ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಪಕ್ಕದ ಪೆರಂಬೂರಿನ ಬಿ ಅಂಡ್ ಸಿ ಮಿಲ್ಲಿನವರು 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದಾಗ ಬಿ. ಪಿ. ವಾಡಿಯಾ, ತಿರು. ವಿ. ಕಲ್ಯಾಣಸುಂದರಂ ಅವರಂಥ ಓದಿದವರು ಜೊತೆಗೆ ನಿಂತರು. ಅವರು ಹೊರಗಿನಿಂದ ಬಂದವರು. ಈ ತಂಗಿ ನಮ್ಮ ಅಡಿಗೆಮನೆಯಿಂದಲೇ ಹೋಗುತ್ತಿದ್ದಾಳೆ.

ತಂಗಿ, ಅಲ್ಲಿ ದೊಡ್ಡ ಸಭಾಂಗಣದಲ್ಲಿ ನೂರಾರು ಮಕ್ಕಳ ನಡುವೆ ಕೂತು ‘ಡೆಬಿಟ್’, ‘ಕ್ರೆಡಿಟ್’ ಎಂದು ಕೇಳಿದಾಗ ಎದೆಗುಂದಬೇಡ. ಅಪ್ಪನಿಗಾಗಿ ಹಾಲಿನ ಲೆಕ್ಕ ಬರೆದವಳು ನೀನು. ಹಾಲು ಬಂತು ಎಂದು ಒಂದು ಕಡೆ, ಹಾಲಿನವನಿಗೆ ಬಾಕಿ ಎಂದು ಇನ್ನೊಂದು ಕಡೆ. ವೆನಿಸ್ ಪಟ್ಟಣದ ವ್ಯಾಪಾರಿಗಳ ಈ ಎರಡು ಕಡೆಯ ಪದ್ಧತಿಯನ್ನೇ ಲೂಕ ಪಚೋಲಿ ಎಂಬ ಕ್ರೈಸ್ತ ಸನ್ಯಾಸಿ 1494ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು. ಇನ್ನೊಂದು ಮಾತು. ಪುಸ್ತಕದಿಂದ ತೆಗೆದ ವಾಕ್ಯಕ್ಕೆ ಪುಸ್ತಕದ ಹೆಸರು ಹಾಕದಿದ್ದರೆ ಅಲ್ಲಿ ಅದು ಕಳ್ಳತನ. ಇಲ್ಲಿ ಗೈಡು ಉರು ಹೊಡೆದ ಅಭ್ಯಾಸ ಅಲ್ಲಿ ನಡೆಯದು.

ಈಗ ಅಣ್ಣನವರಿಗೆ. ಅಣ್ಣಾ, ಸಾಲದ ಕಾಗದಕ್ಕೆ ನಿಮ್ಮ ರುಜು ಇನ್ನೂ ಬಿದ್ದಿಲ್ಲವಷ್ಟೆ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ನಿಮಗಿರುವುದು ಕುಂದಾಪುರದ ಕಡೆಯ ಆ ಒಂದು ಮನೆ, ಅದರಲ್ಲಿ ಅಮ್ಮ ಇದ್ದಾರೆ. ಓದು ಮುಗಿದು ಒಂದು ವರ್ಷದ ತನಕ ಕಂತಿಲ್ಲ ಎಂದು ಏಜೆಂಟರು ಹೇಳಿದ್ದಾರೆ. ಕಂತಿಲ್ಲ, ಬಡ್ಡಿ ಇದೆ! ಮೊದಲಲ್ಲೇ ಹತ್ತು ಲಕ್ಷ ತೆಗೆದಿರಿ, ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ತಿಂಗಳಿಗೆ 8,333 ರೂಪಾಯಿ. ನಾಲ್ಕು ವರ್ಷಕ್ಕೆ ಸರಳ ಬಡ್ಡಿಯೇ ನಾಲ್ಕು ಲಕ್ಷ. ಫೀಸು ಪೌಂಡಿನಲ್ಲಿ, ಸಂಬಳ ರೂಪಾಯಿಯಲ್ಲಿ. ಪೌಂಡು ನೂರರಿಂದ ನೂರಹತ್ತಕ್ಕೆ ಏರಿದರೆ 15,000 ಪೌಂಡಿನ ಫೀಸಿಗೆ ಒಂದೂವರೆ ಲಕ್ಷ ಹೆಚ್ಚು ಬೇಕು. ಯಾರ ತಪ್ಪೂ ಅಲ್ಲ, ಆದರೆ ಕಟ್ಟುವವರು ನೀವು.

ಮಗಳು ಅಲ್ಲಿ ದುಡಿದು ತೀರಿಸುತ್ತಾಳೆ ಎಂಬ ಮಾತೂ ಕಿವಿಗೆ ಬಿತ್ತು. ಪದವಿ ಓದುವ ಹೊರದೇಶದವರಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸಕ್ಕೆ ಅಲ್ಲಿನ ಸರಕಾರ ಬಿಡುವುದಿಲ್ಲ. ಅದರಲ್ಲಿ ಊಟ, ಬಾಡಿಗೆಗೆ ಒಂದಿಷ್ಟು ಒದಗೀತು, ಫೀಸು ಹುಟ್ಟದು. ಹೆಚ್ಚು ಗಂಟೆ ನಿಲ್ಲು, ಕೈಗೆ ನಗದು ಕೊಡುತ್ತೇವೆ ಎನ್ನುವ ಹೋಟೆಲಿನವರು ಸಿಕ್ಕಾರು ತಂಗಿ. ಆ ಮಾತು ನಮಗೆ ಹಳೆಯದು. ಚೀಟಿಯಲ್ಲಿ ಕಾಣದ ಹಣ ಕೊಡದಿದ್ದರೆ ಯಾರ ಹತ್ತಿರ ಕೇಳುತ್ತೀ? ವೀಸಾಕ್ಕೂ ಕುತ್ತು.

ನಮ್ಮನ್ನು ಕೇಳಿದರೆ, ಇಲ್ಲೇ ಬಿ.ಕಾಂ. ಓದುತ್ತ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಕೂತು, ಆಮೇಲೆ ಹೋಗು ಎನ್ನುತ್ತಿದ್ದೆವು. ಅಭಿನಂದನೆಯ ಕೂಟದಲ್ಲಿ ಹೇಳುವ ಮಾತಲ್ಲವೇನೋ. ತಂಗಿಯ ಮುಖ ಸಣ್ಣದಾಯಿತು, ಕ್ಷಮಿಸಬೇಕು. ತೀರ್ಮಾನ ಅವಳದು, ಅವಳ ತಂದೆ ತಾಯಿಯರದು. ಹೋಗುವುದೇ ಆದರೆ ಸಂಘ ಬೆನ್ನಿಗಿದೆ.

ಹೊರಡಲು ಇನ್ನೂ ಎರಡು ತಿಂಗಳಿದೆ. ಬರುವ ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಕಳೆದ ಮೇಲೆ ಆ ಸಾಲದ ಕಾಗದವನ್ನು ಇಲ್ಲೇ ಸಾಲು ಸಾಲಾಗಿ ಓದೋಣ. ತಂಗಿ ಓದಿ ಕನ್ನಡದಲ್ಲಿ ಹೇಳಲಿ. ಅಣ್ಣ, ಅತ್ತಿಗೆ ಇಬ್ಬರೂ ಬರಬೇಕು. ಮನೆಯ ಪತ್ರದ ನಕಲು ತನ್ನಿ.