ಎರಡನೇ ಸಲ ಕಂಡ ಬಾಸೆಲ್

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಹೊರದೇಶದ ಅನುಭವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿಕೊಂಡರು. ಕಂಪೆನಿಯ ಕೆಲಸಕ್ಕಾಗಿ ನಾನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಎರಡು ಸಲ ಹೋಗಿದ್ದೇನೆ, ಆರು ವರ್ಷಗಳ ಅಂತರದಲ್ಲಿ. ಎರಡನೇ ಸಲ ಕಂಡದ್ದನ್ನು ಇವತ್ತು ಹೇಳುತ್ತೇನೆ.

ಬಾಸೆಲ್ ಎಂಬ ಹೆಸರು ಮಂಗಳೂರಿನವರಿಗೆ ಹೊಸದಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಮೂಲ ಆ ಊರು. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ, 1894ರಲ್ಲಿ ಇಲ್ಲೇ ಅಚ್ಚಾದ ಕಿಟ್ಟೆಲ್ ನಿಘಂಟು, ಎಲ್ಲವೂ ಆ ಮಿಶನ್ನಿನವರ ಕೆಲಸ. ನಮ್ಮೂರಿನ ಹಳೆಯ ಕಾಗದಪತ್ರಗಳು, ಫೋಟೋಗಳು ಇಂದಿಗೂ ಅಲ್ಲಿನ ಮಿಶನ್ ಕಟ್ಟಡದಲ್ಲಿ ಜೋಪಾನವಾಗಿವೆ.

ಮೊದಲ ಸಲ ಹೋದದ್ದು ಚಳಿಗಾಲದಲ್ಲಿ. ಹಸಿರು ಟ್ರಾಮ್, ಕೆಂಪು ಕಲ್ಲಿನ ದೊಡ್ಡ ಇಗರ್ಜಿ, ನಿಮಿಷಕ್ಕೆ ಸರಿಯಾಗಿ ಬರುವ ರೈಲು ಕಣ್ಣಿಗೆ ಬಿದ್ದವು. ಊರ ನಡುವೆ ರೈನ್ ನದಿ ತನ್ನಷ್ಟಕ್ಕೆ ಹರಿಯುತ್ತಿತ್ತು. ಎರಡನೇ ಸಲ ಹೋದದ್ದು ಆಗಸ್ಟಿನಲ್ಲಿ. ಬ್ಯಾಗು ಹೋಟೆಲಿನಲ್ಲಿಟ್ಟು ಸಂಜೆ ಹೊಳೆಬದಿಗೆ ಬಂದರೆ, ನೀರಿನ ತುಂಬ ಜನ! ಆಫೀಸು ಬಿಟ್ಟವರು ಬಟ್ಟೆ, ಚಪ್ಪಲಿ, ಮೊಬೈಲುಗಳನ್ನು ನೀರು ಹೋಗದ, ಮೀನಿನಾಕಾರದ ಚೀಲಕ್ಕೆ ತುಂಬಿ, ಅದನ್ನೇ ಹಿಡಿದುಕೊಂಡು ತೇಲುತ್ತ ಹೋಗುತ್ತಿದ್ದರು. ಮಕ್ಕಳೂ ಇದ್ದರು, ಅಜ್ಜಿಯರೂ ಇದ್ದರು. ಅದೇ ದಡದಲ್ಲಿ ದೊಡ್ಡ ಔಷಧ ಕಂಪೆನಿಗಳ ಎತ್ತರದ ಕಟ್ಟಡಗಳು.

“ಫಾರಿನ್ ಅಂದರೆ ಹಾಗೇ, ಅವರ ಜಾಯಮಾನವೇ ಚೊಕ್ಕಟ” ಎಂದು ನಮ್ಮಲ್ಲಿ ಹೇಳುವುದುಂಟು. ಮರುದಿನ ಊಟದ ಹೊತ್ತಿಗೆ ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರಲ್ಲಿ ಈಜುವವರ ಸುದ್ದಿ ಎತ್ತಿದೆ. “ನಾನು ಶಾಲೆಗೆ ಹೋಗುತ್ತಿದ್ದಾಗ ಈ ನದಿ ಒಂದು ದಿನ ಕೆಂಪಾಗಿತ್ತು” ಎಂದರು.

1986ರ ನವೆಂಬರ್ 1. ಬಾಸೆಲಿನಿಂದ ಸ್ವಲ್ಪ ಮೇಲೆ, ಶ್ವೈಟ್ಸರ್‌ಹಾಲೆ ಎಂಬಲ್ಲಿದ್ದ ಸ್ಯಾಂಡೋಜ್ ಕಂಪೆನಿಯ ಗೋದಾಮಿಗೆ ರಾತ್ರಿ ಬೆಂಕಿ ಬಿತ್ತು. ಬೆಂಕಿ ಆರಿಸಲು ಸುರಿದ ನೀರು ಗೋದಾಮಿನ ಕೀಟನಾಶಕಗಳನ್ನೂ ಕೆಂಪು ಬಣ್ಣವನ್ನೂ ತೊಳೆದುಕೊಂಡು ಸೀದಾ ನದಿಗೆ ಹೋಯಿತು. ಸೈರನ್ ಕೂಗಿತು, ಕಿಟಕಿ ಮುಚ್ಚಿ ಒಳಗೇ ಇರಿ ಎಂದು ಜನರಿಗೆ ಹೇಳಲಾಯಿತು. ಲಕ್ಷಕ್ಕೂ ಮಿಕ್ಕಿ ಹಾವುಮೀನುಗಳು ಸತ್ತು ತೇಲಿದವು. ವಿಷ ಜರ್ಮನಿ, ಫ್ರಾನ್ಸ್ ಗಡಿ ದಾಟಿ ನೆದರ್‌ಲ್ಯಾಂಡ್ಸ್ ತನಕ ಹೋಯಿತು.

ಜನ ಬೀದಿಗಿಳಿದರು. ಮರುವರ್ಷ, 1987ರಲ್ಲಿ, ನದೀತೀರದ ದೇಶಗಳು ಸೇರಿ ರೈನ್ ಉಳಿಸುವ ಕಾರ್ಯಕ್ರಮ ಒಪ್ಪಿಕೊಂಡವು. ಬೆಂಕಿ ಆರಿಸಿದ ನೀರು ನದಿಗೆ ಹೋಗದಂತೆ ಕಾರ್ಖಾನೆಗಳಲ್ಲಿ ತಡೆತೊಟ್ಟಿಗಳು ಬಂದವು. 1993ರಿಂದ ಬಾಸೆಲಿನ ಕೆಳಗೆ, ಜರ್ಮನಿಯ ನೆಲದಲ್ಲಿ, ಎರಡು ದೇಶಗಳು ಸೇರಿ ನಡೆಸುವ ಕೇಂದ್ರವೊಂದು ನದಿಯ ನೀರನ್ನು ದಿನವೂ ಪರೀಕ್ಷಿಸುತ್ತಿದೆ. ಕಾರ್ಖಾನೆಗಳು ಊರು ಬಿಟ್ಟು ಹೋಗಲಿಲ್ಲ. ಅವುಗಳ ಪಕ್ಕದಲ್ಲೇ ಜನ ಈಜುತ್ತಿದ್ದಾರೆ. ಅದು ಜಾಯಮಾನದಿಂದ ಬಂದದ್ದಲ್ಲ. ಕಾನೂನು, ಹಣ, ದಿನನಿತ್ಯದ ಲೆಕ್ಕ ಮತ್ತು ಜನರ ಹಟದಿಂದ ಬಂದದ್ದು.

ಈಗ ನಮ್ಮೂರಿಗೆ ಬರೋಣ. ಮಂಗಳೂರಿಗೆ ಎರಡು ನದಿಗಳ ಭಾಗ್ಯ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ನೇತ್ರಾವತಿಯ ನೀರು ಕುಡಿಯುತ್ತೇವೆ. ಮರವೂರು, ಕೂಳೂರು, ಸುಲ್ತಾನ್ ಬತ್ತೇರಿ ಹಾದು ಬರುವ ಫಲ್ಗುಣಿ ಅಳಿವೆಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಫಲ್ಗುಣಿಯ ನೀರು ಕಪ್ಪಾಯಿತು, ಮೀನು ಸತ್ತವು ಎಂಬ ಸುದ್ದಿಯನ್ನು ನಾವು ಪೇಪರಿನಲ್ಲಿ ಓದಿದ್ದೇವೆ. ಎರಡು ದಿನ ಮಾತಾಡುತ್ತೇವೆ, ಮಳೆ ಬಂದರೆ ಮರೆಯುತ್ತೇವೆ. ಹೊಳೆಯನ್ನೇ ನಂಬಿ ಬಲೆ ಬೀಸುವವರಿಗೆ ಮಾತ್ರ ಮರೆಯಲು ಸಾಧ್ಯವಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪದ್ಧತಿ ಇದೆ. ಏನಾದರೂ ಕೆಟ್ಟರೆ ಮೊದಲು ದಾಖಲೆ ತೆರೆದು ನೋಡುತ್ತೇವೆ: ಯಾವಾಗ ಕೆಟ್ಟಿತು, ಅದಕ್ಕೆ ಮೊದಲು ಹೇಗಿತ್ತು? ದಾಖಲೆ ಇಲ್ಲದಿದ್ದರೆ ಉಳಿಯುವುದು ವಾದ ಮಾತ್ರ.

ಅದಕ್ಕೇ ಮಕ್ಕಳಲ್ಲಿ ಒಂದು ಕೋರಿಕೆ. ನಮ್ಮ ಶಾಲೆಯಿಂದ ಫಲ್ಗುಣಿ ದೂರವಿಲ್ಲ. ವಿಜ್ಞಾನ ಸಂಘದವರು ಟೀಚರ ಜೊತೆ ತಿಂಗಳಿಗೊಮ್ಮೆ ಹೋಗಿ, ಒಂದೇ ಜಾಗದ ನೀರು ತಂದು, ಬಣ್ಣ, ವಾಸನೆ, ಉಷ್ಣತೆ, ಆಮ್ಲೀಯತೆ ನೋಡಿ ತಾರೀಕು ಹಾಕಿ ಬರೆದಿಡಿ. ಬೇಕಾದ ಉಪಕರಣಗಳನ್ನು ಹಳೆ ವಿದ್ಯಾರ್ಥಿಗಳಾದ ನಾವು ಕೊಡಿಸುತ್ತೇವೆ. ಶಾಲೆಯ ಶತಮಾನೋತ್ಸವಕ್ಕೆ ಬರುವವರ ಕೈಗೆ ಐವತ್ತು ವರ್ಷಗಳ ಆ ಪುಸ್ತಕ ಸಿಗಲಿ.