ಮೇಲಿನ ಹಲ್ಲೇ ಮೊದಲು ಹುಳುಕಾಗುವುದೇಕೆ?

ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ನಾಲಿಗೆಯ ಮೇಲೆ ಒಂದೇ ಒಂದು ತೊಟ್ಟು ನಿಂಬೆರಸ ಬಿಟ್ಟುಕೊಂಡು, ನಾಲಿಗೆಯ ತುದಿಯನ್ನು ಅಂಗುಳಕ್ಕೆ ಮುಟ್ಟಿಸಿ ಹಿಡಿಯಿರಿ. ಕೆಳಗಡೆ, ಮುಂದಿನ ಹಲ್ಲುಗಳ ಹಿಂದೆಯೇ, ಎರಡು ಪುಟ್ಟ ಉಬ್ಬುಗಳು ಕಾಣುತ್ತವೆ. ನೋಡುತ್ತಿದ್ದಂತೆ ಅವುಗಳ ತುದಿಯಿಂದ ತಿಳಿನೀರು ಒಸರುತ್ತದೆ. ಜೊಲ್ಲು ಹುಟ್ಟುವುದನ್ನು ನೀವೀಗ ಕಣ್ಣಾರೆ ಕಂಡಿರಿ. (ನೋಡಿಯಾದ ಮೇಲೆ ಬಾಯಿ ಮುಕ್ಕಳಿಸಿಬಿಡಿ.)

ಕೆನ್ನೆಯ ಒಳಗೂ ಒಂದೊಂದು ಬಾಗಿಲಿದೆ. ಕಿವಿಯ ಮುಂದಿರುವ ಗ್ರಂಥಿಯ ರಸ ಮೇಲಿನ ದವಡೆ ಹಲ್ಲಿನ ಎದುರಿಗೆ ಬಂದು ಬೀಳುತ್ತದೆ. ಹೀಗೆ ದೊಡ್ಡ ಗ್ರಂಥಿಗಳು ಒಟ್ಟು ಮೂರು ಜೊತೆ. ದೊಡ್ಡವರ ಬಾಯಲ್ಲಿ ಇವು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಸುತ್ತವೆ. ಬಾಗಿಲುಗಳು ಎಲ್ಲೆಲ್ಲಿವೆ ಎಂಬುದನ್ನು ಮಾತ್ರ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಜೊಲ್ಲಿನಲ್ಲಿ ನೂರಕ್ಕೆ 99 ಪಾಲು ನೀರು. ಉಳಿದ ಚೂರಿನಲ್ಲೇ ಎಲ್ಲ ಜಾಣತನ ಇದೆ. ನಾವು ತಿಂದ ಬಿಸ್ಕತ್ತು, ಚಿಕ್ಕಿಯ ಸಿಹಿಯನ್ನು ಹಲ್ಲಿಗಂಟಿಕೊಂಡ ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ, ತಿಂದು ಆಮ್ಲ ಬಿಡುತ್ತವೆ. ಆಮ್ಲ ಜಾಸ್ತಿಯಾಗಿ, ಅದರ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಜೊಲ್ಲಿನ ಬೈಕಾರ್ಬೋನೇಟ್ ಆ ಆಮ್ಲದ ಸೊಕ್ಕು ಇಳಿಸುತ್ತದೆ, ಅದರ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿದ ಜಾಗವನ್ನು ಮತ್ತೆ ತುಂಬುತ್ತವೆ. ಆದರೆ ಅದಕ್ಕೆ ಸಮಯ ಬೇಕು. 1940ರ ದಶಕದಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಸ್ಟೀಫನ್ ಇದನ್ನು ಹಲ್ಲಿನ ಮೇಲೆಯೇ ಅಳೆದು ನೋಡಿದರು. ಸಕ್ಕರೆ ನೀರಿನಲ್ಲಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯಿತು. ಮೊದಲಿನಂತಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು. ಒಂದೇ ಸಲ ಕೂತು ಎರಡು ಚಾಕೊಲೇಟ್ ತಿನ್ನುವುದಕ್ಕಿಂತ ಅರ್ಧರ್ಧ ಗಂಟೆಗೊಮ್ಮೆ ಚೂರು ಚೂರು ಚೀಪುವುದು ಹಲ್ಲಿಗೆ ಹೆಚ್ಚು ಕೆಡುಕು. ಜೊಲ್ಲಿಗೆ ರಿಪೇರಿ ಮುಗಿಸಲು ಬಿಡುವೇ ಸಿಗುವುದಿಲ್ಲವಲ್ಲ!

ಜೊಲ್ಲು ಹರಿಯುತ್ತಲೂ ಇರಬೇಕು. ಮುಂಬೈಯ ದಹಿಸರ್ ಮಕ್ಕಳೇ, ನಿಮ್ಮ ನದಿಯನ್ನೇ ನೋಡಿ. ತುಳಸಿ ಕೆರೆಯ ಕಡೆಯಿಂದ ಹೊರಟು ನ್ಯಾಷನಲ್ ಪಾರ್ಕಿನ ಕಾಡು ದಾಟಿ ಬರುವ ದಹಿಸರ್ ನದಿ, ಜುಲೈ ತಿಂಗಳಲ್ಲಿ ಸೇತುವೆಯ ಕೆಳಗೆ ಕೆಂಪಗೆ ಭೋರ್ಗರೆಯುವಾಗ ಕಸಕಡ್ಡಿಯನ್ನೆಲ್ಲ ಎಳೆದೊಯ್ಯುತ್ತದೆ. ಮೇ ಹೊತ್ತಿಗೆ ಹರಿವು ಸಣಕಲಾಗಿ, ಬಿದ್ದದ್ದು ಬಿದ್ದಲ್ಲೇ ಕೊಳೆಯುತ್ತದೆ. ಬಾಯಿಗೆ ಹಗಲೆಲ್ಲ ಮಳೆಗಾಲ, ರಾತ್ರಿ ನಿದ್ದೆಯಲ್ಲಿ ಬಿರುಬೇಸಿಗೆ. ಮಲಗಿದಾಗ ಜೊಲ್ಲು ಊರುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಈಗ ನಿಮ್ಮ ಮನೆಯ ಎರಡು ವರ್ಷದ ತಂಗಿಯೋ ತಮ್ಮನೋ ಸಕ್ಕರೆ ಹಾಕಿದ ಹಾಲಿನ ಬಾಟಲಿ ಚೀಪುತ್ತಲೇ ನಿದ್ದೆಹೋಯಿತು ಅನ್ನಿ. ಸಿಹಿಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಅಲ್ಲಿಗೆ ಜೊಲ್ಲಿನ ಬಾಗಿಲು ದೂರ. ಕೆಳಗಿನ ಮುಂದಿನ ಹಲ್ಲುಗಳಿಗಾದರೆ ನಾಲಿಗೆಯ ಮರೆಯಿದೆ, ಜೊಲ್ಲಿನ ಊಟೆ ಬೆನ್ನಿಗೇ ಇದೆ. ಪುಟ್ಟ ಮಕ್ಕಳಲ್ಲಿ ಮೇಲಿನ ನಾಲ್ಕು ಹಲ್ಲು ಮೊದಲು ಕಂದಿ ಹುಳುಕಾಗುವುದು, ಕೆಳಗಿನವು ಬಹುಕಾಲ ಬೆಳ್ಳಗೇ ಉಳಿಯುವುದು ಇದರಿಂದಲೇ. ಹಾಲುಹಲ್ಲಿನ ಎನಾಮಲ್ ಬೇರೆ ತೆಳು.

“ಹೇಗೂ ಬೀಳುವ ಹಲ್ಲಲ್ವಾ” ಎಂದು ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬೇಕು. ಅಷ್ಟು ವರ್ಷ ಆ ಮಗು ನೋವಿಲ್ಲದೆ ಚಪಾತಿ ಅಗಿಯಬೇಡವೇ?

ಅಮ್ಮನ ಜೊತೆ ಕೂತು ಪಾಪುವಿನ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಇದೆಯೇ? ಹುಳುಕು ಶುರುವಾಗುವುದು ಹಾಗೆಯೇ. ಇನ್ನೂ ಗುಳಿ ಬಿದ್ದಿರದಿದ್ದರೆ ಅದನ್ನು ವಾಸಿಮಾಡಬಹುದು. ರಾತ್ರಿ ಬಾಟಲಿ ಬಿಡಿಸಿ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದೊಡ್ಡವರೇ ಹಲ್ಲುಜ್ಜಿದರೆ ಜೊಲ್ಲು ತನ್ನ ಕೆಲಸ ಹಿಡಿಯುತ್ತದೆ. ಜೊತೆಗೆ ಒಮ್ಮೆ ಹಲ್ಲಿನ ಡಾಕ್ಟರಿಗೂ ತೋರಿಸಿ. ಹತ್ತಿರದಲ್ಲಿ ಯಾರೂ ಗೊತ್ತಿಲ್ಲದಿದ್ದರೆ ಚರ್ಚ್‌ಗೇಟ್ ಲೋಕಲ್ ಹತ್ತಿ ಮುಂಬೈ ಸೆಂಟ್ರಲ್‌ನಲ್ಲಿ ಇಳಿಯಿರಿ. ಅಲ್ಲಿ ಮಹಾನಗರ ಪಾಲಿಕೆಯ ನಾಯರ್ ದಂತ ಆಸ್ಪತ್ರೆಯಲ್ಲಿ ಮಕ್ಕಳ ಹಲ್ಲಿಗೆಂದೇ ಬೇರೆ ವಿಭಾಗವಿದೆ.