ಆನ್ ಮಾಡಿದ್ದಾಯಿತು, ತೆಗೆಯುವವರು ಯಾರು?



ನೀವು ದಿನವೂ ಬಳಸುವ ಒಂದು ವೆಬ್‌ಸೈಟಿನಲ್ಲಿ ಹೊಸ ಬಟನ್ ಬಂದಿದೆಯೆಂದು ಗೆಳೆಯರು ಹೇಳುತ್ತಾರೆ. ನಿಮ್ಮ ಪರದೆಯಲ್ಲಿ ಹುಡುಕಿದರೆ ಅದು ಇಲ್ಲ. ವಿಳಾಸ ಒಂದೇ, ಇಬ್ಬರ ಬ್ರೌಸರಿಗೂ ಇಳಿದಿರುವ ಕೋಡ್ ಕೂಡ ಒಂದೇ. ಈ ವ್ಯತ್ಯಾಸ ಬಂದದ್ದು ಫೀಚರ್ ಫ್ಲ್ಯಾಗ್‌ನಿಂದ.

ವೈರಿಂಗ್ ಮುಗಿಸಿ, ಬಲ್ಬ್ ಹಾಕಿ, ಸ್ವಿಚ್ಚನ್ನು ಮಾತ್ರ ಆಫ್ ಇಟ್ಟಂತೆ ಇದು. ಫ್ಲ್ಯಾಗ್ ಆನ್ ಇದ್ದರೆ ಹೊಸ ಪುಟ ತೋರಿಸು, ಇಲ್ಲದಿದ್ದರೆ ಹಳೆಯದನ್ನೇ ತೋರಿಸು: ಕೋಡಿನಲ್ಲಿ ಬರೆಯುವುದು ಇಷ್ಟೇ. ತೊಂದರೆ ಕಂಡರೆ ಇಡೀ ಆ್ಯಪನ್ನು ಮತ್ತೆ ಕಟ್ಟಿ ಕಳಿಸಬೇಕಿಲ್ಲ, ಫ್ಲ್ಯಾಗ್ ಆಫ್ ಮಾಡಿದರೆ ಸಾಕು. ಫೋಟೋ ತಾಣ ಫ್ಲಿಕರ್‌ನ ಎಂಜಿನಿಯರುಗಳು ದಿನಕ್ಕೆ 10ಕ್ಕೂ ಹೆಚ್ಚು ಸಲ ಹೊಸ ಕೋಡ್ ಬಿಡುಗಡೆ ಮಾಡುತ್ತೇವೆಂದು 2009ರಲ್ಲಿ ಹೇಳಿದಾಗ ಹಲವರು ಹುಬ್ಬೇರಿಸಿದ್ದರು. ಆ ಧೈರ್ಯದ ಹಿಂದೆ ಇಂಥ ಫ್ಲ್ಯಾಗ್‌ಗಳೂ ಇದ್ದವು.

ಹೊಸ ಬಟನನ್ನು ಮೊದಲು ಶೇಕಡಾ 5 ಜನರಿಗೆ ಮಾತ್ರ ತೋರಿಸುವುದು ಹೇಗೆ? ಪ್ರತಿ ಸಲವೂ ಚೀಟಿ ಎತ್ತಿದರೆ ಬೆಳಿಗ್ಗೆ ಕಂಡ ಬಟನ್ ಸಂಜೆಗೆ ಮಾಯವಾದೀತು. ಅದಕ್ಕೇ ಬಳಕೆದಾರರ ಐಡಿಯನ್ನೂ ಫ್ಲ್ಯಾಗಿನ ಹೆಸರನ್ನೂ ಸೇರಿಸಿ, ಹ್ಯಾಶ್ ಎಂಬ ಲೆಕ್ಕದಿಂದ 0ಯಿಂದ 99ರೊಳಗಿನ ಒಂದು ಸಂಖ್ಯೆ ತೆಗೆಯುತ್ತಾರೆ. ಒಬ್ಬರಿಗೆ ಆ ಸಂಖ್ಯೆ ಬದಲಾಗುವುದಿಲ್ಲ. 5ಕ್ಕಿಂತ ಕಡಿಮೆ ಬಂದವರಿಗೆ ಹೊಸ ಬಟನ್. ಮಿತಿಯನ್ನು 20ಕ್ಕೆ ಏರಿಸಿದರೆ ಮೊದಲಿನವರು ಹಾಗೇ ಉಳಿದು, ಹೊಸಬರು ಸೇರಿಕೊಳ್ಳುತ್ತಾರೆ. ಫ್ಲ್ಯಾಗಿನ ಹೆಸರನ್ನು ಸೇರಿಸದೆ ಹೋದರೆ ಎಲ್ಲ ಪ್ರಯೋಗಕ್ಕೂ ಅದೇ ಜನ ಬಲಿಯಾಗುತ್ತಾರೆ.

ಬ್ರೌಸರಿನಲ್ಲಿ ಓಡುವ ಆ್ಯಪಿಗೆ ಇನ್ನೆರಡು ಎಚ್ಚರಿಕೆ ಬೇಕು. ಫ್ಲ್ಯಾಗಿನ ಉತ್ತರ ಸರ್ವರಿನಿಂದ ತಡವಾಗಿ ಬಂದರೆ ಹಳೆಯ ಪುಟ ಒಮ್ಮೆ ಮಿಂಚಿ, ಆಮೇಲೆ ಹೊಸದು ಬರುತ್ತದೆ. ಆದ್ದರಿಂದ ಉತ್ತರವನ್ನು ಪುಟದ ಜೊತೆಗೇ ಕಳಿಸುವುದು ಮೇಲು. ಉತ್ತರವೇ ಬಾರದಿದ್ದರೆ ಹಳೆಯ ದಾರಿಯಲ್ಲೇ ನಡೆಯಬೇಕು. ಎರಡನೆಯದಾಗಿ, ಬ್ರೌಸರಿಗೆ ಇಳಿದದ್ದನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಲೂಬಹುದು. ಬಟನ್ ಮರೆಮಾಡಿದ ಮಾತ್ರಕ್ಕೆ ಬೀಗ ಹಾಕಿದಂತಾಗದು. ಯಾರಿಗೆ ಅನುಮತಿಯಿದೆ ಎಂಬ ತಪಾಸಣೆ ಸರ್ವರಿನಲ್ಲೇ ನಡೆಯಬೇಕು.

ಫ್ಲ್ಯಾಗ್ ಹಾಕುವಾಗಿನ ಕಾಳಜಿ ತೆಗೆಯುವಾಗ ಇರದಿದ್ದರೆ ಏನಾಗುತ್ತದೆ? 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಅದನ್ನು ಕಂಡಿತು. ವರ್ಷಗಳಿಂದ ಬಳಸದ ಒಂದು ಸೌಲಭ್ಯದ ಕೋಡ್ ಅಲ್ಲಿನ ಸರ್ವರುಗಳಲ್ಲಿ ಉಳಿದುಕೊಂಡಿತ್ತು. ಅದರ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಹೊಸ ಕೋಡ್ 8 ಸರ್ವರುಗಳ ಪೈಕಿ 7ಕ್ಕೆ ಮಾತ್ರ ಹೋಯಿತು. ಉಳಿದೊಂದರಲ್ಲಿ ಫ್ಲ್ಯಾಗ್ ಆನ್ ಆದದ್ದೇ ಹಳೆಯ ಕೋಡ್ ಎದ್ದು, ತಡೆಯಿಲ್ಲದೆ ಷೇರು ಆರ್ಡರುಗಳನ್ನು ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 40 ಕೋಟಿ ಡಾಲರಿಗೂ ಮಿಗಿಲು.

ತೆಗೆಯದೆ ಬಿಟ್ಟ ಫ್ಲ್ಯಾಗ್‌ಗಳು 10 ಆದರೆ ಆನ್-ಆಫ್ ಜೋಡಣೆಗಳು 1024. ಅಷ್ಟನ್ನೂ ಪರೀಕ್ಷಿಸಿ ನೋಡುವವರು ಯಾರು? ಆದ್ದರಿಂದ ಹಾಕುವ ದಿನವೇ ಫ್ಲ್ಯಾಗಿಗೊಬ್ಬ ಹೊಣೆಗಾರನನ್ನೂ ಅದನ್ನು ತೆಗೆಯುವ ತಾರೀಖನ್ನೂ ಗೊತ್ತುಮಾಡಬೇಕು. ಹೊಸ ಬಟನ್ ಎಲ್ಲರಿಗೂ ತಲುಪಿತು ಎಂದಮೇಲೂ ಒಂದು ಕೆಲಸ ಬಾಕಿಯಿರುತ್ತದೆ: ಫ್ಲ್ಯಾಗನ್ನೂ ಅದರ ಹಿಂದಿನ ಹಳೆಯ ಕೋಡನ್ನೂ ಅಳಿಸುವುದು. ಅಲ್ಲಿಯವರೆಗೆ ಬಿಡುಗಡೆ ಮುಗಿದ ಲೆಕ್ಕವಲ್ಲ.